ಎರಡು ಕಿವಿ, ಎರಡು ಧ್ವನಿವರ್ಧಕ

ಕಣ್ಣಾಮುಚ್ಚಾಲೆಯ ಆಟವನ್ನು ಆಡದ ಮಕ್ಕಳಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅಂಗಳದ ನಡುವೆ ನಿಂತ ಹುಡುಗನಿಗೆ ಏನೊಂದೂ ಕಾಣಿಸದು. ಆದರೂ ಎಡಗಡೆಯಲ್ಲಿ ಯಾರಾದರೂ ಕಿಸಕ್ಕನೆ ನಕ್ಕರೆ ಅವನ ಕೈ ಎಡಕ್ಕೇ ಚಾಚುತ್ತದೆ. ಬಲಗಡೆಯಲ್ಲಿ ತರಗೆಲೆ ಸರಕ್ಕೆಂದರೆ ಅವನ ಮುಖ ಬಲಕ್ಕೇ ಹೊರಳುತ್ತದೆ. ಇದು ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಇದರಲ್ಲಿ ಅಚ್ಚರಿಪಡಬೇಕಾದ ಸಂಗತಿ ಏನಾದರೂ ಇದೆಯೆಂದು ನಮಗೆ ತೋರುವುದೇ ಇಲ್ಲ. ಆದರೆ ಕಣ್ಣಿನ ನೆರವಿಲ್ಲದೆ ಧ್ವನಿಯು ಬಂದ ದಿಕ್ಕನ್ನು ಕಿವಿ ಹೇಗೆ ತಿಳಿಯುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದವರಿಂದಲೇ ನಮಗೆ ಸ್ಟೀರಿಯೋ ಎಂಬ ಧ್ವನಿವಿಧಾನ ದೊರೆಯಿತು. ಅಷ್ಟೇ ಅಲ್ಲ, ಮನೆಗೆ ತಂದ ಧ್ವನಿವರ್ಧಕಗಳನ್ನು ಎಲ್ಲಿ ಇಡಬೇಕು ಎಂಬ ದಿನಬಳಕೆಯ ಪ್ರಶ್ನೆಗೂ ಅದರಲ್ಲಿಯೇ ಉತ್ತರವಿದೆ.

ನಮ್ಮ ಎರಡು ಕಿವಿಗಳ ನಡುವಣ ಅಂತರ ಸುಮಾರು 18 ಸೆಂಟಿಮೀಟರ್. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಿಂದ ಸಾಗುತ್ತದೆ. ಎಡಗಡೆಯಿಂದ ಬಂದ ಧ್ವನಿಯು ಮೊದಲು ಎಡಗಿವಿಯನ್ನು ಮುಟ್ಟಿ, ತಲೆಯನ್ನು ಬಳಸಿಕೊಂಡು ಬಲಗಿವಿಯನ್ನು ತಲುಪಬೇಕು. ಇದಕ್ಕೆ ಬೇಕಾಗುವ ಹೆಚ್ಚಿನ ಕಾಲ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಪಾಲು ಮಾತ್ರ. ಕಣ್ಣೆವೆಯಿಕ್ಕುವಷ್ಟರಲ್ಲಿ ಇಂಥ ನೂರಾರು ಕ್ಷಣಗಳು ಕಳೆದುಹೋಗುತ್ತವೆ. ಆದರೂ ನಮ್ಮ ಮಿದುಳು ಈ ವ್ಯತ್ಯಾಸವನ್ನು ತಪ್ಪದೆ ಅಳೆಯುತ್ತದೆ. ಇದರ ಜೊತೆಗೆ ಇನ್ನೊಂದು ಗುರುತೂ ಉಂಟು. ಕೀಚು ದನಿಯ ಅಲೆಗಳು ಗಿಡ್ಡವಾದುವು. ಅವು ತಲೆಯನ್ನು ಸುಲಭವಾಗಿ ಬಳಸಿ ಹೋಗಲಾರವು. ಆದುದರಿಂದ ಆಚೆಯ ಕಿವಿಯು ತಲೆಯ ನೆರಳಿನಲ್ಲಿ ಸಿಕ್ಕಿ, ಅದಕ್ಕೆ ಧ್ವನಿ ಕ್ಷೀಣವಾಗಿ ಕೇಳಿಸುತ್ತದೆ. ಗಡಸು ದನಿಯ ಉದ್ದನೆಯ ಅಲೆಗಳಿಗೆ ತಲೆ ಒಂದು ತಡೆಯೇ ಅಲ್ಲ. ಅಲ್ಲಿ ಕಾಲದ ವ್ಯತ್ಯಾಸವೇ ಮಿದುಳಿಗೆ ದಾರಿ ತೋರಿಸುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಈ ಎರಡು ಗುರುತುಗಳನ್ನೂ 1907ರಲ್ಲಿ ವಿವರಿಸಿದನು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಗೆಳೆಯನೊಬ್ಬನು ಸದ್ದಾಗದಂತೆ ನಡೆದಾಡುತ್ತ, ಅಲ್ಲಲ್ಲಿ ನಿಂತು ಬೀಗದ ಕೈಗಳನ್ನು ಅಲ್ಲಾಡಿಸಲಿ. ಪ್ರತಿ ಸಲವೂ ಸದ್ದು ಬಂದ ಕಡೆಗೆ ಬೆರಳು ತೋರಿಸಿ. ಅನಂತರ ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡು ಮತ್ತೆ ಪ್ರಯತ್ನಿಸಿ. ಸದ್ದು ಕೇಳಿಸುತ್ತದೆ, ಆದರೆ ಅದರ ನೆಲೆ ತಪ್ಪುತ್ತದೆ.

ಧ್ವನಿಯ ಈ ನೆಲೆಯನ್ನು ಯಂತ್ರದ ಮೂಲಕ ದೂರಕ್ಕೆ ಕಳುಹಿಸಬಹುದೆಂಬುದು ಮೊದಲಿಗೆ ತಿಳಿದುಬಂದುದು 1881ರಲ್ಲಿ. ಆ ವರ್ಷ ಪ್ಯಾರಿಸ್ ನಗರದಲ್ಲಿ ವಿದ್ಯುತ್ತಿನ ವಸ್ತುಪ್ರದರ್ಶನವೊಂದು ನಡೆಯಿತು. ಕ್ಲೆಮಾಂ ಅದೇರ್ ಎಂಬ ಇಂಜಿನಿಯರನು ಆಪೆರಾ ರಂಗಮಂದಿರದ ವೇದಿಕೆಯ ಉದ್ದಕ್ಕೂ ದೂರವಾಣಿಯ ಪ್ರೇಷಕಗಳನ್ನು ಇರಿಸಿ, ಅಲ್ಲಿನ ಹಾಡುಗಾರಿಕೆಯನ್ನು ತಂತಿಯ ಮೂಲಕ ಪ್ರದರ್ಶನದ ಕಟ್ಟಡಕ್ಕೆ ತಂದನು. ಅಲ್ಲಿ ಕೇಳುಗರು ಒಂದೊಂದು ಕಿವಿಗೆ ಒಂದೊಂದರಂತೆ ಎರಡು ಗ್ರಾಹಕಗಳನ್ನು ಹಿಡಿದುಕೊಂಡರು. ಗಾಯಕರು ವೇದಿಕೆಯ ಮೇಲೆ ಅತ್ತಿಂದಿತ್ತ ನಡೆದಾಡುವುದು ಅವರ ಕಿವಿಗೆ ಗೋಚರವಾಯಿತು.

ಅದಾಗಿ ಐವತ್ತು ವರ್ಷಗಳ ಮೇಲೆ ಈ ಕಾರ್ಯವನ್ನು ಪೂರ್ಣಗೊಳಿಸಿದವನು ಅಲನ್ ಬ್ಲೂಮ್ಲಿನ್. ಇವನು ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯಲ್ಲಿ ಇಂಜಿನಿಯರನಾಗಿದ್ದನು. 1931ರಲ್ಲಿ ಒಮ್ಮೆ ಇವನು ಪತ್ನಿಯೊಡನೆ ಚಲನಚಿತ್ರ ನೋಡಲು ಹೋಗಿದ್ದನೆಂದು ಹೇಳುತ್ತಾರೆ. ಪರದೆಯ ಮೇಲೆ ನಟನು ಈ ತುದಿಯಿಂದ ಆ ತುದಿಗೆ ನಡೆದು ಹೋದರೂ ಅವನ ಮಾತು ಮಾತ್ರ ಒಂದೇ ಧ್ವನಿವರ್ಧಕದಿಂದ ಹೊರಡುತ್ತಿತ್ತು. ನಟನೊಡನೆ ಅವನ ಮಾತೂ ನಡೆದು ಹೋಗುವಂತೆ ಮಾಡುವ ಉಪಾಯವೊಂದು ಬ್ಲೂಮ್ಲಿನ್ನನಿಗೆ ಹೊಳೆಯಿತು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಅವನು ಅದಕ್ಕೆ ಏಕಸ್ವಾಮ್ಯದ ಹಕ್ಕನ್ನು ಬೇಡಿ ಅರ್ಜಿ ಸಲ್ಲಿಸಿದನು. ಎರಡು ಧ್ವನಿಗ್ರಾಹಕಗಳಿಂದ ಬಂದ ಎರಡು ಧ್ವನಿಧಾರೆಗಳನ್ನು ಧ್ವನಿಮುದ್ರಿಕೆಯ ಒಂದೇ ಗೆರೆಯ ಎರಡು ಪಕ್ಕಗಳಲ್ಲಿ ಕೊರೆಯುವ ಕ್ರಮವೂ ಆ ಅರ್ಜಿಯಲ್ಲಿತ್ತು. ಆದರೆ ಅದರ ಫಲವನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಜೂನ್ 7ರಂದು, ರೇಡಾರ್ ಸಾಧನವೊಂದನ್ನು ಪರೀಕ್ಷಿಸುತ್ತಿದ್ದ ವಿಮಾನವು ನೆಲಕ್ಕೆ ಅಪ್ಪಳಿಸಿತು. ಅದರಲ್ಲಿದ್ದ ಬ್ಲೂಮ್ಲಿನ್ ತನ್ನ 38ನೆಯ ವಯಸ್ಸಿನಲ್ಲಿಯೇ ಮಡಿದನು. ಸ್ಟೀರಿಯೋ ಧ್ವನಿಮುದ್ರಿಕೆಗಳು ಜಗತ್ತಿನ ಅಂಗಡಿಗಳಲ್ಲಿ ವಿಪುಲವಾಗಿ ದೊರೆಯತೊಡಗಿದುದು 1958ರಲ್ಲಿ, ಅವನು ತೀರಿಕೊಂಡ ಹದಿನಾರು ವರ್ಷಗಳ ಮೇಲೆ.

ಸ್ಟೀರಿಯೋ ಯಂತ್ರವು ಮಾಡುವ ಕೆಲಸ ಇಷ್ಟೇ: ಎಡಗಡೆಗೆ ಒಂದು, ಬಲಗಡೆಗೆ ಒಂದು, ಹೀಗೆ ಎರಡು ಧ್ವನಿಧಾರೆಗಳನ್ನು ಎರಡು ಧ್ವನಿವರ್ಧಕಗಳಿಗೆ ಪ್ರತ್ಯೇಕವಾಗಿ ಒದಗಿಸುವುದು. ಒಂದು ಸ್ವರವು ಎರಡು ಧಾರೆಗಳಲ್ಲಿಯೂ ಸಮನಾಗಿದ್ದರೆ, ಅದು ಎರಡು ಕಿವಿಗಳಿಗೂ ಏಕಕಾಲದಲ್ಲಿ, ಸಮಬಲದಿಂದ ತಲುಪುತ್ತದೆ. ಆಗ ಮಿದುಳು, ಈ ಸ್ವರವು ನಟ್ಟನಡುವಿನಿಂದ ಬಂದಿತು ಎಂದು ತೀರ್ಮಾನಿಸುತ್ತದೆ. ಅಲ್ಲಿ ಧ್ವನಿವರ್ಧಕವೂ ಇಲ್ಲ, ಗಾಯಕನೂ ಇಲ್ಲ. ಆದರೂ ಗಾಯಕನು ಅಲ್ಲಿಯೇ ಕುಳಿತು ಹಾಡುವಂತೆ ಭಾಸವಾಗುತ್ತದೆ. ಎಡದ ಧಾರೆಯಲ್ಲಿ ಬಲ ಹೆಚ್ಚಾಗಿದ್ದ ಸ್ವರವು ಎಡಕ್ಕೆ ಸರಿದಂತೆ ತೋರುತ್ತದೆ. ಹೀಗೆ ಎರಡೇ ಧ್ವನಿವರ್ಧಕಗಳ ನಡುವೆ ಇಡೀ ವೇದಿಕೆಯೊಂದು ಮೂಡುತ್ತದೆ. ಆದರೆ ಈ ವೇದಿಕೆಯನ್ನು ಕಟ್ಟುವುದು ಯಂತ್ರವೊಂದೇ ಅಲ್ಲ. ಕೇಳುಗನ ಮಿದುಳು ಮತ್ತು ಅವನು ಕುಳಿತ ಕೋಣೆ ಇವೆರಡೂ ಅದರಲ್ಲಿ ಪಾಲುಗೊಳ್ಳುತ್ತವೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಆ ಮನೆಯ ಅಜ್ಜಿಗೆ ಸಂಗೀತವೆಂದರೆ ಪ್ರಾಣ. ಮಂಡಿನೋವಿನಿಂದಾಗಿ ಅವರು ಈಗ ಕಛೇರಿಗಳಿಗೆ ಹೋಗಲಾರರು. ಅವರಿಗಾಗಿಯೇ ಮನೆಯವರು ಎರಡು ವರ್ಷ ಹಣ ಕೂಡಿಸಿ ಒಂದು ಸ್ಟೀರಿಯೋ ಯಂತ್ರವನ್ನು ತಂದಿದ್ದಾರೆ. ಜಾಗ ಉಳಿಯಲೆಂದು ಒಂದು ಧ್ವನಿವರ್ಧಕವನ್ನು ಕಪಾಟಿನ ನೆತ್ತಿಯ ಮೇಲೂ, ಇನ್ನೊಂದನ್ನು ಕೋಣೆಯ ಮೂಲೆಯಲ್ಲಿ ಮೇಜಿನ ಕೆಳಗೂ ಇರಿಸಿದ್ದಾರೆ. ಅಜ್ಜಿಯ ಚಾಪೆ ಎದುರುಗೋಡೆಗೆ ಒತ್ತಿಕೊಂಡಿದೆ. ಮೃದಂಗದ ಸದ್ದು ಪಾತ್ರೆಯೊಳಗಿನಿಂದ ಬಂದಂತೆ ಗುಂಯ್‌ಗುಡುತ್ತದೆ. ಪಿಟೀಲು ಮೇಲಿನಿಂದ ಕೀರಲುತ್ತದೆ. "ಹಾಡೇನೋ ಕೇಳಿಸುತ್ತದೆ ಮಗು, ಹಾಡುವವರು ಎಲ್ಲಿ ಕುಳಿತಿದ್ದಾರೋ ತಿಳಿಯದು" ಎನ್ನುತ್ತಾರೆ ಅಜ್ಜಿ. ಇದಕ್ಕಿಂತ ಬೆಲೆಬಾಳುವ ಯಂತ್ರವನ್ನು ಕೊಳ್ಳಬೇಕಾಗಿತ್ತೆಂದು ಮನೆಯವರು ಪೇಚಾಡುತ್ತಾರೆ. ಆದರೆ ದೋಷವಿರುವುದು ಯಂತ್ರದಲ್ಲಿ ಅಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಒಂದು ಅಳತೆಪಟ್ಟಿಯನ್ನು ಹಿಡಿದು ಹೊರಟರೆ, ಒಂದು ಕಾಸಿನ ಖರ್ಚೂ ಇಲ್ಲದೆ ಅದನ್ನು ಸರಿಪಡಿಸಬಹುದು. ಅವಳು ಮಾಡಬೇಕಾದುದನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ತ್ರಿಕೋನದ ನಿಯಮ. ಎರಡು ಧ್ವನಿವರ್ಧಕಗಳು ಮತ್ತು ಕೇಳುಗನ ತಲೆ, ಈ ಮೂರೂ ಒಂದು ಸಮಬಾಹು ತ್ರಿಕೋನದ ಮೂರು ಶೃಂಗಗಳಾಗಿರಬೇಕು. ಧ್ವನಿವರ್ಧಕಗಳ ನಡುವೆ 2.4 ಮೀಟರ್ ಅಂತರವಿದ್ದರೆ ಕೇಳುಗನೂ ಪ್ರತಿಯೊಂದರಿಂದ 2.4 ಮೀಟರ್ ದೂರದಲ್ಲಿರಬೇಕು. ಅವು ತೀರ ಹತ್ತಿರವಾದರೆ ವೇದಿಕೆ ಕುಗ್ಗಿ ಗಾಯಕರೆಲ್ಲರೂ ಒಂದೇ ಕಡೆ ಮುದುಡಿ ಕುಳಿತಂತಾಗುತ್ತದೆ. ತೀರ ದೂರವಾದರೆ ನಡುವೆ ಬರಿದು ಉಳಿದು ಸಂಗೀತವು ಎರಡು ಹೋಳಾಗುತ್ತದೆ.

ಕೇಳುಗನು ನಟ್ಟನಡುವೆಯೇ ಇರಬೇಕೆ? ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ ತ್ರಿಕೋನದಲ್ಲಿ ಕೇಳುಗನು ಪಕ್ಕಕ್ಕೆ ಅರ್ಧ ಮೀಟರ್ ಸರಿದು ಕುಳಿತರೆ, ಒಂದು ಧ್ವನಿವರ್ಧಕವು ಅವನಿಗೆ 2.2 ಮೀಟರ್ ದೂರದಲ್ಲಿಯೂ ಇನ್ನೊಂದು ಸುಮಾರು 2.7 ಮೀಟರ್ ದೂರದಲ್ಲಿಯೂ ಇರುತ್ತವೆ. ಈ ಅರ್ಧ ಮೀಟರ್ ವ್ಯತ್ಯಾಸವನ್ನು ದಾಟಲು ಧ್ವನಿಗೆ ಸೆಕೆಂಡಿನ ಸಾವಿರದಲ್ಲಿ ಸುಮಾರು ಒಂದೂವರೆ ಪಾಲು ಬೇಕು. ಒಂದೇ ಧ್ವನಿಯು ಎರಡು ಕಡೆಗಳಿಂದ ಇಷ್ಟು ಅಲ್ಪ ಅಂತರದಲ್ಲಿ ಬಂದಾಗ ಮಿದುಳು ಅವನ್ನು ಎರಡೆಂದು ಎಣಿಸದೆ, ಮೊದಲು ಬಂದುದರ ದಿಕ್ಕನ್ನೇ ಇಡೀ ಧ್ವನಿಯ ದಿಕ್ಕೆಂದು ಸ್ವೀಕರಿಸುತ್ತದೆ. ಜರ್ಮನಿಯ ಲೋಥರ್ ಕ್ರೇಮರ್ 1948ರಲ್ಲಿ ಇದನ್ನು ಮೊದಲ ಅಲೆಯ ನಿಯಮವೆಂದು ಕರೆದನು. ಆದುದರಿಂದಲೇ ಪಕ್ಕಕ್ಕೆ ಸರಿದ ಕೇಳುಗನಿಗೆ, ನಡುವೆ ಕುಳಿತಿದ್ದ ಗಾಯಕನು ಎದ್ದು ಹತ್ತಿರದ ಧ್ವನಿವರ್ಧಕದೊಳಗೆ ಸೇರಿಕೊಂಡಂತೆ ತೋರುತ್ತದೆ.

ಎರಡನೆಯದು ಎತ್ತರ. ಧ್ವನಿವರ್ಧಕದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮಂದ್ರ ಸ್ವರಗಳಿಗೆ ದೊಡ್ಡದೊಂದು, ತಾರ ಸ್ವರಗಳಿಗೆ ಚಿಕ್ಕದೊಂದು ಕಂಪಿಸುವ ಭಾಗವಿರುತ್ತದೆ. ಮಂದ್ರ ಸ್ವರಗಳು ಸುತ್ತಲೂ ಹರಡುತ್ತವೆ. ತಾರ ಸ್ವರಗಳಾದರೋ ಕೈದೀಪದ ಬೆಳಕಿನಂತೆ ಮುಂದಕ್ಕೇ ನುಗ್ಗುತ್ತವೆ. ಆದುದರಿಂದ ಚಿಕ್ಕ ಭಾಗವು ಕೇಳುಗನ ಕಿವಿಯ ಮಟ್ಟದಲ್ಲಿರಬೇಕು. ಕುರ್ಚಿಯ ಮೇಲೆ ಕುಳಿತವರಿಗೆ ಈ ಮಟ್ಟವು ನೆಲದಿಂದ ಒಂದು ಮೀಟರಿಗಿಂತ ತುಸು ಹೆಚ್ಚು. ಚಾಪೆಯ ಮೇಲೆ ಕುಳಿತು ಕೇಳುವವರಿಗೆ ಅದು ಸುಮಾರು ಮುಕ್ಕಾಲು ಮೀಟರ್. ಪೆಟ್ಟಿಗೆಗಳ ಮುಖವನ್ನು ಕೇಳುಗನ ಕಡೆಗೆ ಕೊಂಚ ಓರೆಯಾಗಿ ತಿರುಗಿಸಿದರೆ ತಾರ ಸ್ವರಗಳು ಇನ್ನೂ ನಿಚ್ಚಳವಾಗುತ್ತವೆ.

ಮೂರನೆಯದು ಗೋಡೆಯಿಂದಿರುವ ದೂರ. ಮಂದ್ರ ಸ್ವರಗಳು ಸುತ್ತಲೂ ಹರಡುವುದರಿಂದ ಪೆಟ್ಟಿಗೆಯ ಹಿಂದಿನ ಗೋಡೆಗೂ ಬಡಿದು ಮರಳುತ್ತವೆ. ಪೆಟ್ಟಿಗೆಯು ಗೋಡೆಗೆ ತಾಗಿಕೊಂಡಿದ್ದರೆ ಮರಳಿದ ಅಲೆಯು ನೇರ ಅಲೆಯೊಡನೆ ಸೇರಿ ಅದಕ್ಕೆ ಬಲ ಕೊಡುತ್ತದೆ. ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡಿ ಈ ಬಲವನ್ನು ಮತ್ತಷ್ಟು ಹೆಚ್ಚಿಸುತ್ತವೆ. ಅಜ್ಜಿಯ ಮೃದಂಗವು ಗುಂಯ್‌ಗುಟ್ಟಿದುದು ಇದರಿಂದಲೇ. ಹಾಗೆಂದು ಪೆಟ್ಟಿಗೆಯನ್ನು ಮುಂದಕ್ಕೆ ಎಳೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಗೋಡೆಯಿಂದ ಒಂದು ಮೀಟರ್ ದೂರದಲ್ಲಿಟ್ಟರೆ, ಹಿಂದಕ್ಕೆ ಹೋಗಿ ಮರಳುವ ಅಲೆಯು ನೇರ ಅಲೆಗಿಂತ ಎರಡು ಮೀಟರ್ ಹೆಚ್ಚು ನಡೆಯುತ್ತದೆ. ಯಾವ ಅಲೆಯ ಅರ್ಧ ಉದ್ದವು ಎರಡು ಮೀಟರೋ, ಅಂದರೆ ಸೆಕೆಂಡಿಗೆ ಸುಮಾರು 86 ಕಂಪನಗಳುಳ್ಳ ಸ್ವರ, ಅದರ ಏರು ಇದರ ಇಳಿತದೊಡನೆ ಕೂಡಿ ಆ ಸ್ವರವು ಸೊರಗುತ್ತದೆ. ಪಕ್ಕದ ಗೋಡೆಯೂ ಅದೇ ಒಂದು ಮೀಟರ್ ದೂರದಲ್ಲಿದ್ದರೆ ಅದೇ ಸ್ವರಕ್ಕೆ ಎರಡು ಪಟ್ಟು ಹಾನಿ. ಆದಕಾರಣ ಹಿಂದಿನ ಗೋಡೆಯ ದೂರವೂ ಪಕ್ಕದ ಗೋಡೆಯ ದೂರವೂ ಸಮವಾಗಿರಬಾರದು.

ನಾಲ್ಕನೆಯದು ಕೇಳುಗನ ಸ್ಥಾನ. ಎದುರುಬದುರಾದ ಎರಡು ಗೋಡೆಗಳ ನಡುವೆ ಮಂದ್ರ ಸ್ವರದ ಅಲೆಗಳು ಹೋಗಿ ಬಂದು, ವೀಣೆಯ ತಂತಿಯಲ್ಲಿ ಮೂಡುವಂತೆ, ಸ್ಥಿರ ತರಂಗಗಳನ್ನು ಉಂಟುಮಾಡುತ್ತವೆ. ಕೋಣೆಯ ಉದ್ದವು ಅಲೆಯ ಅರ್ಧ ಉದ್ದಕ್ಕೆ ಸಮನಾದಾಗ ಇಂಥ ಮೊದಲ ತರಂಗವು ಏಳುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 35, 43 ಮತ್ತು 58 ಕಂಪನಗಳ ಸ್ವರಗಳು ಹೀಗೆ ಮೇಲೇಳುತ್ತವೆ. ಉದ್ದವೂ ಅಗಲವೂ ಒಂದೇ ಆದ ಚಚ್ಚೌಕದ ಕೋಣೆಯಲ್ಲಿ ಎರಡು ತರಂಗಗಳು ಒಂದೇ ಸ್ವರದಲ್ಲಿ ಕೂಡಿಕೊಳ್ಳುವುದರಿಂದ ದೋಷ ಹೆಚ್ಚು. ಈ ತರಂಗಗಳ ಒತ್ತಡವು ಗೋಡೆಯ ಬಳಿ ಅತ್ಯಧಿಕ. ಮೊದಲ ತರಂಗದ ಒತ್ತಡವು ಕೋಣೆಯ ನಡುಮಧ್ಯದಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಆದ್ದರಿಂದ ಗೋಡೆಗೆ ಒರಗಿ ಕುಳಿತವನಿಗೆ ಮಂದ್ರವು ಅತಿಯಾಗಿಯೂ ಕೋಣೆಯ ನಟ್ಟನಡುವೆ ಕುಳಿತವನಿಗೆ ತೀರ ಕಡಿಮೆಯಾಗಿಯೂ ಕೇಳಿಸುತ್ತದೆ. ಇವೆರಡರ ನಡುವಣ ಸ್ಥಾನವೇ ಹಿತಕರ.

ಈ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿದರೆ ನಮ್ಮ ಮೊಮ್ಮಗಳ ನಕ್ಷೆ ಸಿದ್ಧವಾಗುತ್ತದೆ. ಕೋಣೆಯ 4 ಮೀಟರ್ ಅಗಲದ ಗೋಡೆಯ ಮುಂದೆ, ಅದರಿಂದ 1 ಮೀಟರ್ ಈಚೆಗೆ, ಒಂದಕ್ಕೊಂದು 2.4 ಮೀಟರ್ ಅಂತರದಲ್ಲಿ ಧ್ವನಿವರ್ಧಕಗಳು. ಆಗ ಪಕ್ಕದ ಗೋಡೆಗಳು ತಲಾ 80 ಸೆಂಟಿಮೀಟರ್ ದೂರದಲ್ಲಿ ಉಳಿಯುತ್ತವೆ. ಸಮಬಾಹು ತ್ರಿಕೋನದ ಎತ್ತರ ಸುಮಾರು 2.1 ಮೀಟರ್. ಆದ್ದರಿಂದ ಅಜ್ಜಿಯ ಚಾಪೆಯು ಆ ಗೋಡೆಯಿಂದ 3 ಮೀಟರಿಗಿಂತ ತುಸು ಆಚೆ ಬರುತ್ತದೆ. ಅವರ ಬೆನ್ನ ಹಿಂದೆ ಇನ್ನೂ ಎರಡು ಮೀಟರಿನಷ್ಟು ತೆರಪಿರುತ್ತದೆ. ಅವರು ಗೋಡೆಗೂ ಒರಗಿಲ್ಲ, ನಟ್ಟನಡುವೆಯೂ ಇಲ್ಲ.

ಇನ್ನುಳಿದುದು ಕೋಣೆಯ ಸ್ವಭಾವ. ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಕಟ್ಟಡವು ಧ್ವನಿಯನ್ನು ಹೇಗೆ ಆಡಿಸಬಲ್ಲುದೆಂಬುದು ತಿಳಿದಿದೆ. ಅಲ್ಲಿ ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆಯು ಮತ್ತೆ ಮತ್ತೆ ಮರುದನಿಗೊಳ್ಳುತ್ತದೆ. ಬರಿಗೋಡೆಯ ನಮ್ಮ ಕೋಣೆಗಳೂ ಚಿಕ್ಕ ಪ್ರಮಾಣದಲ್ಲಿ ಇದನ್ನೇ ಮಾಡುತ್ತವೆ. ಧ್ವನಿ ನಿಂತ ಮೇಲೂ ಉಳಿಯುವ ಈ ಗುಂಗಿಗೆ ಅನುರಣನವೆಂದು ಹೆಸರು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಮೊರೆಯುತ್ತಿದ್ದುದರಿಂದ ಪಾಠವೇ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ವ್ಯಾಲೆಸ್ ಸಬೀನ್ ಎಂಬ ತರುಣ ಅಧ್ಯಾಪಕನ ಮೇಲೆ ಬಿತ್ತು. ಅವನು ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹಾಸಿದನು. ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ, ಸದ್ದು ಅಡಗುವ ಕಾಲವನ್ನು ಅಳೆದನು. ಬೆಳಗಾಗುವ ಮುನ್ನ ಮೆತ್ತೆಗಳನ್ನು ಹಿಂದಿರುಗಿಸಿದನು. ಹೀಗೆ ಎಷ್ಟೋ ರಾತ್ರಿಗಳ ದುಡಿಮೆಯಿಂದ, ಕೋಣೆಯ ಗಾತ್ರಕ್ಕೂ ಅದರೊಳಗೆ ಧ್ವನಿಯನ್ನು ಹೀರುವ ವಸ್ತುಗಳಿಗೂ ಅನುರಣನದ ಕಾಲಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದನು. ಆ ಸೂತ್ರದಂತೆ ಲೆಕ್ಕ ಹಾಕಿದರೆ, ಗೋಡೆ ನೆಲಗಳು ಧ್ವನಿಯ ನೂರರಲ್ಲಿ ಮೂರು ಪಾಲನ್ನಷ್ಟೇ ಹೀರುವ ನಮ್ಮ 5 ಮೀಟರ್ ಉದ್ದದ ಕೋಣೆಯು ಬರಿದಾಗಿದ್ದಾಗ ಸುಮಾರು ಮೂರು ಸೆಕೆಂಡಿಗೂ ಮಿಕ್ಕಿ ಮೊರೆಯುತ್ತದೆ. ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪನೆಯ ಪರದೆ, ಮಡಿಚಿಟ್ಟ ಹಾಸಿಗೆಗಳು, ಪುಸ್ತಕ ತುಂಬಿದ ಕಪಾಟು, ಇವಿದ್ದರೆ ಸಾಕು, ಗುಂಗು ಅಡಗುತ್ತದೆ.

ಪಕ್ಕದ ಗೋಡೆಯಲ್ಲಿ ಯಾವ ಜಾಗವು ಧ್ವನಿಯನ್ನು ನೇರವಾಗಿ ಕೇಳುಗನೆಡೆಗೆ ತಿರುಗಿಸುತ್ತದೆಂಬುದನ್ನು ತಿಳಿಯಲು ಸುಲಭವಾದ ಉಪಾಯವಿದೆ. ಕೇಳುಗನು ತನ್ನ ಸ್ಥಾನದಲ್ಲಿ ಕುಳಿತಿರಲಿ. ಇನ್ನೊಬ್ಬನು ಗೋಡೆಗೆ ಕನ್ನಡಿಯನ್ನು ಒತ್ತಿ ಹಿಡಿದು ಮೆಲ್ಲನೆ ಜರುಗಿಸಲಿ. ಎಲ್ಲಿ ಕನ್ನಡಿಯಲ್ಲಿ ಧ್ವನಿವರ್ಧಕ ಕಾಣಿಸುವುದೋ ಅಲ್ಲಿಯೇ ಧ್ವನಿಯೂ ಬಡಿದು ಬರುತ್ತದೆ. ಏಕೆಂದರೆ ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮವು ಬೆಳಕಿಗಿರುವಂತೆ ಧ್ವನಿಗೂ ಇದೆ. ಆ ಜಾಗದಲ್ಲಿ ಒಂದು ಕಂಬಳಿಯನ್ನು ಇಳಿಬಿಡಬಹುದು. ಇಲ್ಲವೆ ಪುಸ್ತಕದ ಕಪಾಟನ್ನು ಅಲ್ಲಿಗೆ ಸರಿಸಬಹುದು.

ಕೊನೆಯದಾಗಿ ತಂತಿಗಳನ್ನು ನೋಡಬೇಕು. ಧ್ವನಿವರ್ಧಕಕ್ಕೂ ಯಂತ್ರಕ್ಕೂ ಕೆಂಪು ಮತ್ತು ಕಪ್ಪು ಎಂಬ ಎರಡೆರಡು ಜೋಡಣೆಗಳಿರುತ್ತವೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಬೇಕು. ಒಂದರಲ್ಲಿ ಮಾತ್ರ ಅದಲುಬದಲಾದರೆ, ಒಂದು ಧ್ವನಿವರ್ಧಕವು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಸೆಳೆಯುತ್ತದೆ. ಆಗ ಮಂದ್ರ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಗಾಯಕನಿಗೆ ನೆಲೆಯೇ ಇಲ್ಲದಾಗುತ್ತದೆ. ಎಲ್ಲವೂ ಸರಿಯಾಗಿದೆಯೇ ಎಂದು ನೋಡಲು, ಒಂದೇ ಧ್ವನಿಧಾರೆಯ ಹಳೆಯ ಹಾಡೊಂದನ್ನು ಹಾಕಬೇಕು. ಎರಡು ಧ್ವನಿವರ್ಧಕಗಳಿಗೂ ಒಂದೇ ಧ್ವನಿ ಹೋಗುವುದರಿಂದ ಕಂಠವು ನಟ್ಟನಡುವೆ, ಒಂದು ಬಿಂದುವಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಪೆಟ್ಟಿಗೆಗಳನ್ನು ಒಂದೊಂದು ಗೇಣು ಸರಿಸುತ್ತ, ಪ್ರತಿ ಸಲವೂ ಅದೇ ಹಾಡನ್ನು ಕೇಳಬೇಕು. ಲೆಕ್ಕವು ದಾರಿಯನ್ನು ತೋರಿಸುತ್ತದೆ. ಕೊನೆಯ ತೀರ್ಪು ಕಿವಿಯದು.

ಇದರಿಂದ ಇನ್ನೂ ಒಂದು ಲಾಭವುಂಟು. ಧ್ವನಿ ಅಸ್ಪಷ್ಟವಾದಾಗ ನಾವು ಸಾಮಾನ್ಯವಾಗಿ ಮಾಡುವುದು ಗುಂಡಿ ತಿರುಗಿಸಿ ಅದನ್ನು ಜೋರುಮಾಡುವುದು. ಅದರಿಂದ ಗದ್ದಲ ಹೆಚ್ಚುವುದೇ ಹೊರತು ಸ್ಪಷ್ಟತೆಯಲ್ಲ. ನೆರೆಮನೆಯವರ ನೆಮ್ಮದಿ ಕೆಡುತ್ತದೆ; ನಮ್ಮ ಕಿವಿಯೂ ಕೆಡುತ್ತದೆ. ದೊಡ್ಡವರಿಗೂ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ಗಿಂತ ಹೆಚ್ಚಿನ ಧ್ವನಿ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಧ್ವನಿವರ್ಧಕಗಳು ತಕ್ಕ ನೆಲೆಯಲ್ಲಿದ್ದರೆ ಮೆಲುದನಿಯಲ್ಲಿಯೇ ಪ್ರತಿಯೊಂದು ಗಮಕವೂ ಕೇಳಿಸುತ್ತದೆ.

ಮತ್ತೆ ಆ ಮನೆಗೆ ಬರೋಣ. ಮೊಮ್ಮಗಳು ಪೆಟ್ಟಿಗೆಗಳನ್ನು ಇಳಿಸಿ, ಅಳೆದು, ಎರಡು ಗಟ್ಟಿ ಪೀಠಗಳ ಮೇಲೆ ಇರಿಸಿದ್ದಾಳೆ; ಜಮಖಾನ ಹಾಸಿ, ಚಾಪೆಯನ್ನು ಗೋಡೆಯಿಂದ ಈಚೆಗೆ ತಂದಿದ್ದಾಳೆ. ಹಾಡು ಮೊದಲಾಗುತ್ತದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಕೈಯೆತ್ತಿ, "ಹಾಡುವವರು ಅಗೋ ಅಲ್ಲಿ, ಪಿಟೀಲು ಈ ಪಕ್ಕ, ಮೃದಂಗ ಆ ಪಕ್ಕ" ಎಂದು ಬೆರಳು ಮಾಡಿ ತೋರಿಸುತ್ತಾರೆ. ಅವರು ಬೆರಳು ಮಾಡಿದ ಕಡೆ ಬರಿಯ ಗೋಡೆಯಿದೆ. ಆದರೆ ಅಂಗಳದಲ್ಲಿ ಕಣ್ಣು ಕಟ್ಟಿಸಿಕೊಂಡು ನಿಂತ ಹುಡುಗನಂತೆ ಅವರ ಕಿವಿಗಳು ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿವೆ. ಹೋಗಲಾರದ ಕಛೇರಿಯೊಂದು ಅವರ ಬಳಿಗೇ ಬಂದು ಕುಳಿತಿದೆ.